ನಮ್ಮ ಸಾಲಿನ ನೀರು

ರೀ,

ರಜಾ ಸಿಗಲಿಲ್ಲ, ಡ್ಯೂಟಿಗೆ ಸುರಪುರದ ಬಸ್ಸಿಗೆ ಹೊಂಟೀನಿ. ರೊಟ್ಟಿ ಬುಟ್ಟ್ಯಾಗ ಅದಾವ. ಪುಂಡಿಪಲ್ಯ ಬಿಸಿ ಮಾಡ್ಕೊಳ್ರಿ.

ಇವತ್ತು ಹೊಂಡ ತೋಡೋರು ಬರ್ತಾರ. ಕ್ವಾರ್ಟರ್ಸಿನ ಎಲ್ಲಾ ಮನಿ ಬಚ್ಚಲ, ಪಾಯಖಾನಿ ನೀರು ಇಷ್ಟು ದಿನ ಒಂದೇ ಹೊಂಡಕ್ಕ ಕೂಡಿ, ಖಡಿಕಲ್ಲಿನೊಳಗ, ಜೇಕಿನ ಹುಲ್ಲಿನ ಬೇರಿನ್ಯಾಗ ಸೋಸಿ, ಬಾಳಿತೋಟಕ್ಕ ಹರೀತಿತ್ತು. ಈಗ ಮುಂದಿನ ಸಾಲಿನವರಿಗೆ ನಮ್ಮ ಸಾಲಿನ ನೀರು ಕೂಡಬಾರದಂತ. "ನಿಮ್ಮ ಜನಕ್ಕ ಬ್ಯಾರೆ ಹೊಂಡ ಮಾಡಿಕೊಡ್ತೀವಿ" ಅಂದ್ರು, ನೀವು ಹೂಂ ಅಂದು ಬಂದ್ರಿ. ಮನಿಗೆ ಬಂದು ನನಗ ಹೇಳಿ, ಜಗಳ ಯಾಕ ಅಂದ್ರಿ. ನಿಮ್ಮ ಮಗಳು ಸಪ್ನಾ ಬಾಗಿಲ ಸಂದ್ಯಾಗ ನಿಂತು ಎಲ್ಲಾ ಕೇಳ್ಯಾಳ. ನಿನ್ನೆ ಅಕಿ ಉಂಡಿಲ್ಲ, ನಿಮಗ ಗೊತ್ತಾತೋ ಇಲ್ಲೋ.

ಹೋದ ತಿಂಗಳ ಅದೇ ತೋಟದ ಗೊನಿ ಕಡದು ಮನಿಮನಿಗೆ ಹಂಚಿದಾಗ, ಯಾವ ಹಣ್ಣಿನ್ಯಾಗ ಯಾರ ನೀರೈತಿ ಅಂತ ಒಬ್ಬರೂ ಕೇಳಲಿಲ್ಲ. ಸಿಪ್ಪಿನೂ ಉಳಿಸಲಿಲ್ಲ.

ಈ ಸಲದ ಹಣ್ಣು ತಾಟಿನ್ಯಾಗ ಇಟ್ಟೀನಿ. ತೋಡಸಾಕ ಬಂದ ಸಾಹೇಬರಿಗೆ ಮೊದಲ ಅದನ್ನ ಕೊಡ್ರಿ. ತಿಂದು ಆಮ್ಯಾಲೆ ಗುದ್ದಲಿ ಹಾಕ್ರಿ ಅನ್ರಿ. ಅಷ್ಟು ಅನ್ನಾಕೂ ಬಾಯಿ ಬರಲಿಲ್ಲಂದ್ರ, ತಾಟು ಹಿಡಿದು ಸುಮ್ನ ನಿಂದರ್ರಿ, ಸಾಕು.

ನೀವು ಮಾತ್ರ ಆ ಹಣ್ಣು ಮುಟ್ಟಬ್ಯಾಡ್ರಿ. ಸಪ್ನಾ ತಾನಾಗೇ ಕೊಟ್ರ ತಿನ್ರಿ.