ಅವ್ವನ ಹಾಜರಿ

ಆದವಾನಿ
ಶುಕ್ರವಾರ

ಸಾವ್ಕಾರ್ ವಾಗೀಶಪ್ಪನವರಿಗೆ, ನಿಮ್ಮ ಹತ್ತಿ ಜಿನ್ನಿಂಗ್ ಮಿಲ್ಲಿನ ಮಹೇಶ್ವರಿಯ ನಮಸ್ಕಾರ.

ಮುಖ ನೋಡಿ ಹಾಜರಿ ಹಾಕುವ ಗೇಟಿನ ಮಷೀನು ಬೆಳಿಗ್ಗೆ ನನ್ನ ಗುರುತು ಹಿಡಿಯುತ್ತದೆ, ಸಂಜೆ ತಡಕಾಡುತ್ತದೆ. ದಿನವಿಡೀ ಮೋಡದೊಳಗೆ ನಡೆದಂತೆ ನಡೆಯುತ್ತೇವೆ. ಹತ್ತಿಯ ಎಳೆ ಹುಬ್ಬಿಗೆ, ಕೂದಲಿಗೆ ಕೂತು ಬೆಳ್ಳಗಾಗುತ್ತೇವೆ. "ಏನಬೇ ಮಹೇಶಿ, ರೀಲ್ಸಿನ ಮುದುಕಿ ಫಿಲ್ಟರ್ ಹಾಕ್ಕೊಂಡೀಯೇನು?" ಎಂದು ಜೊತೆಗೆ ದುಡಿಯುವ ರಾಣಿ ನಗುತ್ತಾಳೆ. ಓಟಿನ ದಿನ ಮಾತ್ರ ಈ ಮುಖ ಎಲ್ಲರಿಗೂ ಗುರುತು ಸಿಗುತ್ತದೆ.

ಮೊನ್ನೆ ಸಂಜೆ ಮಷೀನು ನನ್ನನ್ನು ನೋಡಿ ಪಕೀರಮ್ಮ ಎಂದಿತು. ಪಕೀರಮ್ಮ ನಮ್ಮವ್ವ. ಇದೇ ಮಿಲ್ಲಿನಲ್ಲಿ ದುಡಿದು, ಕೆಮ್ಮಿ ಕೆಮ್ಮಿ ಹೋದ ವರ್ಷ ಸತ್ತಳು. ಪರದೆಯ ಮೇಲೆ ಅವಳ ಫೋಟೋ ತೇಲಿ ಬಂತು. ನಾನು ಕೂದಲು ಸವರಿಕೊಂಡರೆ ಅವಳೇ ಸವರಿದಂತಾಯಿತು. ಸತ್ತವಳಿಗೆ ಹಾಜರಿ ಬಿತ್ತು, ಬದುಕಿರುವ ನನಗೆ ಗೈರು.

ಮೇಸ್ತ್ರಿಗೆ ಹೇಳಿದರೆ, "ಮಷೀನ್ ಸುಳ್ಳು ಹೇಳಂಗಿಲ್ಲಬೇ" ಎಂದ. ಮೂರು ಗೈರಾದರೆ ಕೆಲಸದಿಂದ ತೆಗೆಯುತ್ತೀರಂತೆ. ನಿನ್ನೆಗೆ ಎರಡಾಯಿತು.

ಗೇಟಿನ ಬಳಿ ಒಂದು ನಲ್ಲಿ ಹಾಕಿಸಿ. ಮುಖ ತೊಳೆದೇ ಮಷೀನಿನ ಮುಂದೆ ನಿಲ್ಲುತ್ತೇವೆ. ಹಾಕಿಸದಿದ್ದರೆ ಸೋಮವಾರ ಮೂವತ್ತು ಹೆಂಗಸರೂ ಈ ಬಿಳಿ ಮುಖದಲ್ಲೇ ಗೇಟಿಗೆ ಅಡ್ಡ ಕೂರುತ್ತೇವೆ.

ಅವ್ವನ ಹೆಸರು ಅಳಿಸುವ ಮುಂಚೆ ಆ ಫೋಟೋ ನನಗೆ ಕೊಡಿ. ಆಧಾರ್ ಕಾರ್ಡಿನಲ್ಲಿ ಅವಳು ನಮಗೂ ಗುರುತು ಸಿಗುವುದಿಲ್ಲ. ನಿಮ್ಮ ಮಷೀನಿನಲ್ಲಿ ಹತ್ತಿ ಮೆತ್ತಿಕೊಂಡು ನಗುತ್ತಿದ್ದಾಳೆ.

ಇವತ್ತೂ ಕೆಲಸಕ್ಕೆ ಬಂದಿರುವ,
ಮಹೇಶ್ವರಿ