ಕಳ್ಳನ ಮೆಟ್ಟಿಲು

ಮಾರ್ಚ್ ೯, ಭಾನುವಾರ

ಪ್ರೀತಿಯ ತಂಗಿಗೆ,

ನಾವಿಲ್ಲಿ ಕ್ಷೇಮ. ನಿನ್ನ ಕಾಗದ ಬಂದು ಮೂರು ವಾರವಾಯಿತು; ತಡವಾಯಿತೆಂದು ಮುನಿಸಿಕೊಳ್ಳಬೇಡ. ಕೊನೆಯಲ್ಲಿ ನೀನು ಒಂದು ಸಾಲು ಬರೆದಿದ್ದೆ: "ಹಿತ್ತಿಲಿಗೆ ಹೊಸ ಮೆಟ್ಟಿಲು ಮಾಡಿಸುವಾಗ ನನ್ನ ಕಳ್ಳನ ಮೆಟ್ಟಿಲು ಹಾಗೇ ಇರಲಿ ಅಣ್ಣ." ಉಳಿದದ್ದಕ್ಕೆಲ್ಲ ಉತ್ತರ ಅಂದೇ ಸಿದ್ಧವಿತ್ತು. ಆ ಸಾಲಿಗೆ ಮಾತ್ರ ಇಷ್ಟು ದಿನ ಹಿಡಿಯಿತು.

ಆ ಕಥೆಯನ್ನು ಮೊದಲು ಹೇಳಿದವರು ನಮ್ಮ ಸೋದರಮಾವ. ನಿನಗಾಗ ಹನ್ನೊಂದು ವರ್ಷ, ನನಗೆ ಹದಿನಾರು. ಅಪ್ಪ ಹಿತ್ತಿಲ ಮರದ ಜಗಲಿಗೆ ಮೆಟ್ಟಿಲು ಕಟ್ಟುತ್ತಿದ್ದರು; ಮಾವ ಪಕ್ಕದಲ್ಲಿ ಕೂತು, ಕೆಲಸವೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದರು. ಒಬ್ಬ ಬಡಗಿ ಇದ್ದನಂತೆ. ತನ್ನ ಮನೆಯ ಮೆಟ್ಟಿಲುಗಳಲ್ಲಿ ಒಂದನ್ನು ಮಾತ್ರ ಎರಡು ಬೆರಳು ಎತ್ತರಿಸಿದ್ದನಂತೆ. ಮನೆಯವರ ಕಾಲಿಗೆ ಅದು ಗೊತ್ತು, ಕಳ್ಳನ ಕಾಲಿಗೆ ಗೊತ್ತಿಲ್ಲ. ಕಳ್ಳ ಬಂದ, ಎಡವಿದ, ದಬಕ್ಕನೆ ಬಿದ್ದ, ಮನೆಯೆಲ್ಲ ಎದ್ದಿತು. "ನಾಯಿಯಾದ್ರೆ ಅನ್ನ ಹಾಕ್ಬೇಕು, ಮೆಟ್ಟಿಲಿಗೆ ಆ ಖರ್ಚೂ ಇಲ್ಲ" ಅಂದರು ಮಾವ. ನಮಗೂ ಅಂಥದ್ದು ಬೇಕೆಂದು ನೀನು ಊಟ ಬಿಟ್ಟು ಕೂತೆ. ಅಪ್ಪ ಕೆಳಗಿನಿಂದ ಮೂರನೆಯ ಮೆಟ್ಟಿಲನ್ನು ಎರಡು ಬೆರಳು ಎತ್ತರ ಮಾಡಿದರು.

ಕಳ್ಳ ಬರಲೇ ಇಲ್ಲ. ಅಂಚೆಯವನು ಎರಡು ಸಲ ಬಿದ್ದ, ನಿನ್ನ ಗಂಡ ಮೊದಲ ಸಲ ಮನೆಗೆ ಬಂದ ದಿನ ಬಿದ್ದ. ಅಮ್ಮ ಅವನ ಮೊಣಕಾಲಿಗೆ ಎಣ್ಣೆ ಹಚ್ಚುತ್ತಾ, "ಇನ್ಮೇಲೆ ನೀನೂ ಮನೆಯವನೇ ಬಿಡಪ್ಪ, ಕಾಲಿಗೆ ಪಾಠ ಆಯ್ತು" ಅಂದದ್ದು ನೆನಪಿದೆಯಾ?

ಈಗ ಹೊಸ ಸುದ್ದಿ. ಹಳೆಯ ಮೆಟ್ಟಿಲು ಕೊಳೆತಿತ್ತು. ಇಲ್ಲೊಬ್ಬ ಬಡಗಿ ಸಿಕ್ಕಿದ್ದಾನೆ. ಮಾತು ಕಡಿಮೆ, ಅಳತೆ ಹೆಚ್ಚು. ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿದ. ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. "ಮೇಲೆ ಮದುಮಗ, ಒಳಗೆ ಮಣ್ಣು" ಅಂದ. ನಿನ್ನ ಅತ್ತಿಗೆ, ಮರದ ಸಹವಾಸ ಸಾಕು, ಕಬ್ಬಿಣ ಹಾಕಿಸೋಣ ಅಂದಳು. "ಹಾಕ್ಸಿ ಅಕ್ಕಾ, ಮಧ್ಯಾಹ್ನದ ಬಿಸಿಲಲ್ಲಿ ಬರಿಗಾಲಲ್ಲಿ ಮೊದಲು ನೀವೇ ಇಳೀಬೇಕು" ಅಂದ. ಅಲ್ಲಿಗೆ ಕಬ್ಬಿಣದ ಮಾತು ಮುಗಿಯಿತು.

ಅಗ್ಗದ ಮರವನ್ನೂ ಅವನು ಒಪ್ಪಲಿಲ್ಲ. ತೇಗವೇ ಆಗಬೇಕು, ಅದೂ ಒಣಗಿ ಹದವಾದದ್ದು. "ಮರ ಮಳೆಗೆ ಸಾಯಲ್ಲ ಯಜಮಾನ್ರೇ, ನಿಂತ ನೀರಿಗೆ ಸಾಯುತ್ತೆ." ಅದಕ್ಕೇ ಮೆಟ್ಟಿಲು ಹೊರುವ ಎರಡು ದಪ್ಪ ಹಲಗೆಗಳ ಬುಡ ಮಣ್ಣಿಗೆ ತಾಗದಂತೆ ಕೆಳಗೆ ಕಾಂಕ್ರೀಟ್ ಹಾಸಿದ. ತುಳಿಯುವ ಹಲಗೆಗಳ ನಡುವೆ ಬೆಂಕಿಕಡ್ಡಿಯಷ್ಟು ಸಂದು ಬಿಡಬೇಕು, ಕೊರೆದ ತುದಿಗೆಲ್ಲ ಎಣ್ಣೆ ಕುಡಿಸಬೇಕು, ಮೊಳೆ ಸಾಲದು, ತುಕ್ಕು ಹಿಡಿಯದ ಬೋಲ್ಟೇ ಬೇಕು. ನಾನು ಎಲ್ಲಕ್ಕೂ ಹೂಂ ಅಂದೆ. ಆಮೇಲೆ ನನ್ನ ಅಳತೆಯ ಚೀಟಿ ಕೊಟ್ಟೆ.

"ಮೂರನೇದು ಅಳತೆ ತಪ್ಪಿದೆ."

"ತಪ್ಪಲ್ಲ, ಬೇಕಂತಲೇ."

"ಜನ ಬೀಳ್ತಾರೆ."

"ನನ್ನ ತಂಗಿ ಕೇಳಿದ್ದಾಳೆ."

ಅವನು ಚೀಟಿ ಮಡಿಸಿ ಜೇಬಿಗಿಟ್ಟ. ಗುರುವಾರ ಸಂಜೆಯೊಳಗೆ ಎರಡೂ ದಪ್ಪ ಹಲಗೆಗಳಲ್ಲಿ ನನ್ನ ಚೀಟಿಯಂತೆಯೇ ಮೆಟ್ಟಿಲು ಕೂರುವ ಹಲ್ಲು ಕೊರೆದು ಗೋಡೆಗೆ ಒರಗಿಸಿದ. ಚಹಾ ಕುಡಿಯುವಾಗ, "ಯಾಕೆ ಅಂತ ಈಗಲಾದ್ರೂ ಹೇಳಿ" ಅಂದ. ನಾನು ಮಾವನ ಕಥೆ ಹೇಳಿದೆ. ನಕ್ಕ. ನಿನ್ನ ಅತ್ತಿಗೆಯೂ ಬಾಗಿಲಲ್ಲಿ ನಿಂತು ನಕ್ಕಳು. ಕಥೆ ಅಲ್ಲಿಗೇ ನಿಲ್ಲಬೇಕಿತ್ತು, ನಿಲ್ಲಲಿಲ್ಲ.

ಈಗ ಮೆಟ್ಟಿಲು ಮುಗಿದಿದೆ. ಏಳು ಮೆಟ್ಟಿಲು, ಏಳೂ ಒಂದೇ ಎತ್ತರ. ನಿನ್ನ ಮಾತು ನಡೆಸಲಾಗಲಿಲ್ಲ. ಪಕ್ಕಕ್ಕೆ ಹಾಕಿಸಿದ ಕೈಹಿಡಿ ನಿನ್ನ ಸೊಂಟದ ಮಟ್ಟಕ್ಕಿದೆ. ಬಂದಾಗ ಹಿತ್ತಿಲಿಂದಲೇ ಹತ್ತಿ ಬಾ. ನಿನ್ನ ಗಂಡನಿಗೆ ನನ್ನ ನೆನಪು ಹೇಳು, ಮಕ್ಕಳಿಗೆ ಆಶೀರ್ವಾದ. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಣ್ಣ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ಕೊನೆಯ ವರ್ಷ ಅವಳು ಮೊದಲು ಹೆಸರುಗಳನ್ನು ಮರೆತಳು, ಆಮೇಲೆ ಕೋಣೆಗಳನ್ನು. ಕಾಲು ಮಾತ್ರ ಮರೆಯುವುದಿಲ್ಲ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಬಟ್ಟೆ ಹರವಿ ಹತ್ತುವಾಗ ಮೂರನೆಯ ಮೆಟ್ಟಿಲಲ್ಲಿ ಎಡವಿದಳು. ನಾನು ಹಿಂದೆಯೇ ಬಕೆಟ್ಟು ಹಿಡಿದು ಬರುತ್ತಿದ್ದೆ. ಬಿದ್ದವಳು ಕಿರುಚಲಿಲ್ಲ. ನನ್ನ ಮುಖ ನೋಡಿ, "ತಪ್ಪಾಯ್ತಪ್ಪ, ಯಾರ ಮನೆಯೋ ಗೊತ್ತಾಗ್ಲಿಲ್ಲ. ನಾನೇನೂ ತಗೊಂಡಿಲ್ಲ" ಅಂದಳು.

ಎರಡು ಬೆರಳು ಇಳಿಸುವುದು ಅರ್ಧ ದಿನದ ಕೆಲಸ. ನಾಳೆ, ನಾಡಿದ್ದು ಎಂದು ತಳ್ಳಿದವನು ನಾನು. ಮೆಟ್ಟಿಲು ಕೇಳಿದ್ದು ಹನ್ನೊಂದು ವರ್ಷದ ಹುಡುಗಿ, ಉಳಿಸಿಕೊಂಡದ್ದು ಅರವತ್ತು ದಾಟಿದ ಗಂಡಸು. ಈ ಲೆಕ್ಕ ತಪ್ಪಾಗಿ ಓದಬೇಡ.

ಗುರುವಾರ ಸಂಜೆ, ಅವರಿಬ್ಬರೂ ನಕ್ಕ ಮೇಲೆ, ನಾನು ಹೇಳಿದ್ದು ಇದನ್ನೇ. ನಿನ್ನ ಅತ್ತಿಗೆಗೆ ಬಿದ್ದ ಜಾಗ ಗೊತ್ತಿತ್ತು, ಅಮ್ಮನ ಮಾತು ಗೊತ್ತಿರಲಿಲ್ಲ. ಬಡಗಿ ಲೋಟ ಕೆಳಗಿಟ್ಟು ಎದ್ದು ಹೋದ. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನಿನ್ನ ಅತ್ತಿಗೆ ಹಲ್ಲು ಕೊರೆದ ಎರಡೂ ಹಲಗೆಗಳನ್ನು ತುಂಡು ಮಾಡಿ ನೀರೊಲೆಗೆ ಒಟ್ಟಿದ್ದಳು. ಅಷ್ಟರಲ್ಲೇ ಬಡಗಿ, ಯಾರೂ ಹೇಳದೆಯೇ, ಹೊಸ ಹಲಗೆ ಹೆಗಲಿಗೇರಿಸಿಕೊಂಡು ಬಂದ. ಒಲೆಯತ್ತ ನೋಡಿದ.

"ಒಳ್ಳೇ ಮರ ಅಕ್ಕಾ."

"ಚೆನ್ನಾಗಿ ಉರೀತಿದೆ."

ಅವನು ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಅಳೆಯಲು ಕೂತ.