ನೀರು ಕೊಡಬಹುದಂತೆ

ಹೊಸೂರು
14-3-1984, ಬುಧವಾರ

ಅಕ್ಕ ರಾಮಲಕ್ಷ್ಮಮ್ಮನಿಗೆ ನಿನ್ನ ತಮ್ಮ ಚಿನ್ನಸ್ವಾಮಿಯ ನಮಸ್ಕಾರ.

ಕೃಷ್ಣಗಿರಿ ಬಸ್ಸಿನ ಕಂಡಕ್ಟರ್ ಮುನಿಯಪ್ಪನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನೋಡಿ ಗಾಬರಿಯಾಗಬೇಡ. ಅವ್ವ ನನ್ನ ಪಕ್ಕದಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಬರೆದದ್ದನ್ನೆಲ್ಲ ಓದಿಸಿಕೊಳ್ಳುತ್ತಿದ್ದಾಳೆ.

ನಿನ್ನೆ ಬೆಳಿಗ್ಗೆ ನಾನೂ ನಮ್ಮ ಚಿಕ್ಕವ ಹನುಮಯ್ಯನೂ ಸೈಕಲ್ ಹತ್ತಿ ಶಿಫ್ಟಿಗೆ ಹೊರಟಿದ್ದೆವು. ಮತ್ತಿಗಿರಿ ದಾಟುವಾಗ ಅವನಿಗೆ ಒಂದು ಎಮ್ಮೆ ಅಡ್ಡ ಬಂತು. ಎಮ್ಮೆಗೇನೂ ಆಗಲಿಲ್ಲ, ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತ ನಿಂತಿತು. ಇವನು ಬಿದ್ದ ರಭಸಕ್ಕೆ ಹ್ಯಾಂಡಲಿನ ತುದಿ ಹೊಟ್ಟೆಗೆ ನಾಟಿತು. ಗಾಯವಿಲ್ಲ, ಒಂದು ತೊಟ್ಟು ರಕ್ತವಿಲ್ಲ. ಎದ್ದು ಕೂತು, ‘ಆ ಎಮ್ಮೆಗೆ ಕೈ ಮುಗಿಯಣ್ಣಾ, ಇವತ್ತು ರಜಾ ಕೊಡುಸ್ಬುಡ್ತು’ ಅಂದ. ಸೇರಿದವರೆಲ್ಲ ನಕ್ಕರು.

ಫ್ಯಾಕ್ಟರಿಯಲ್ಲಿ ನನಗೆ ಪ್ರಥಮ ಚಿಕಿತ್ಸೆ ಕಲಿಸಿ ತೋಳಿಗೆ ಪಟ್ಟಿ ಕಟ್ಟಿದ್ದು ನಿನಗೆ ಗೊತ್ತಲ್ಲ. ಬಿದ್ದವನನ್ನು ಎತ್ತುವ ಮೊದಲು ಮಾತಾಡಿಸು, ಮಾತು ಬಂದರೆ ಉಸಿರಿಗೆ ದಾರಿ ಇದೆ ಎಂದು ತಿಳಿ. ಆಮೇಲೆ ಎದೆ ನೋಡು, ನಾಡಿ ಹಿಡಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡು ಎಂದು ಹೇಳಿಕೊಟ್ಟಿದ್ದರು. ಹಾಗೇ ಮಾಡಿದೆ. ಮಾತು ಚೆನ್ನಾಗಿತ್ತು. ಆದರೆ ನಾಡಿ ಗೋಣಿಚೀಲದೊಳಗಿನ ಕೋಳಿಮರಿಯ ಹಾಗೆ ಪಟಪಟ ಬಡಿಯುತ್ತಿತ್ತು. ರೆಪ್ಪೆಯೊಳಗೆ ಕೆಂಪಿರಲಿಲ್ಲ. ಹಣೆಯ ಬೆವರು ತಣ್ಣಗಿತ್ತು. ಹೊಟ್ಟೆ ಕಾಯಿಸಿದ ತಮಟೆಯಷ್ಟು ಬಿಗಿ. ‘ನೀರ್ ಕೊಡಣ್ಣಾ’ ಅಂದ.

ಟೀ ಅಂಗಡಿ ಸಾಕಮ್ಮ ಗೋಲಿಸೋಡಾ ಒಡೆದು ತಂದಳು. ನಾನು ಅವಳ ಕೈ ತಡೆದೆ. ಒಳಗೆ ರಕ್ತ ಸೋರುತ್ತಿದ್ದರೆ ಹಾಗೆ ಬಾಯಾರುತ್ತದೆ, ಹೊಟ್ಟೆ ಕೊಯ್ದು ಹೊಲಿಯಬೇಕಾದವನಿಗೆ ಏನೂ ಕುಡಿಸಬಾರದು. (ಇದನ್ನು ಓದಿದಾಗ ಅವ್ವ ಮೂಗು ಮುರಿದಳು.) ಸುದ್ದಿ ತಿಳಿದು ಅವ್ವ ಓಡಿಬಂದವಳೇ ಎಲ್ಲರ ಮುಂದೆ ನನ್ನನ್ನು ಬೈದಳು. ‘ಬೀದಿ ನಾಯಿಗೂ ನೀರ್ ಬುಡ್ತಾರೆ ಕಣ್ಲಾ! ಒಡಹುಟ್ಟಿದೋನು ಬಾಯಿ ಬುಡ್ತಾವ್ನೆ, ನೀನು ಪಟ್ಟಿ ಕಟ್ಕಂಡು ಪೋಲೀಸ್ನಂಗೆ ನಿಂತಿದ್ದೀಯಾ!’

ಆಸ್ಪತ್ರೆಯಲ್ಲಿ ಡಾಕ್ಟರೂ ನೀರು ಬೇಡವೆಂದರು. ಬಾಟಲಿ ಏರಿಸಿ, ಸ್ವಲ್ಪ ಚೇತರಿಸಿಕೊಂಡರೆ ಬೆಂಗಳೂರಿಗೆ ಕಳಿಸಿ ಆಪರೇಷನ್ ಮಾಡಿಸೋಣ ಎಂದರು. ಅಲ್ಲಿಂದ ಅವನದು ಒಂದೇ ಮಾತು, ನೀರು. ಅವ್ವನದೂ ಒಂದೇ ಮಾತು, ನಾನು ಪಾಪಿ.

ಈಗ ಸಂತೋಷದ ಸುದ್ದಿ. ‘ಇದನ್ನ ದಪ್ಪಕ್ಷರದಾಗೆ ಬರೀಲಾ’ ಅನ್ನುತ್ತಿದ್ದಾಳೆ ಅವ್ವ. ಸ್ವಲ್ಪ ಹೊತ್ತಿನ ಕೆಳಗೆ ಡಾಕ್ಟರು ಬಂದು ನಾಡಿ ನೋಡಿದರು, ರೆಪ್ಪೆ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ, ನೀರು ಕೊಡಿ ಅಮ್ಮಾ, ಕೇಳಿದಷ್ಟು ಕೊಡಿ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಅವ್ವ ಸೆರಗಿನಿಂದ ಅವನ ತುಟಿ ಒರೆಸಿ ಚಮಚದಲ್ಲಿ ಕುಡಿಸಿದಳು. ಅವನು ಕಣ್ಣು ಮುಚ್ಚಿಕೊಂಡೇ ನಕ್ಕ.

‘ನೋಡ್ದೇನ್ಲಾ? ನಿನ್ ಪಟ್ಟಿಗಿಂತ ದೊಡ್ಡೋರೇ ಹೇಳವ್ರೆ. ನನ್ ಮಗ ಗೆದ್ದ!’ ಎಂದು ವಾರ್ಡಿನ ಒಂದೊಂದು ಮಂಚದ ಹತ್ತಿರವೂ ಹೋಗಿ ಹೇಳಿ ಬಂದಿದ್ದಾಳೆ. ನನ್ನ ಮೇಲಿನ ಸಿಟ್ಟೂ ಇಳಿದಿದೆ, ಎಳನೀರು ತಾ ಎಂದು ಕಳಿಸುತ್ತಿದ್ದಾಳೆ. ನೀನು ಅವಸರ ಮಾಡಬೇಡವಂತೆ, ಭಾನುವಾರ ಮಕ್ಕಳನ್ನು ಕರೆದುಕೊಂಡು ಬಂದರೆ ಸಾಕಂತೆ.

ಇಂತಿ ನಿನ್ನ ತಮ್ಮ,
ಚಿನ್ನಸ್ವಾಮಿ

ವಿ.ಸೂ.: ಅವ್ವನಿಗೆ ಓದಿದ್ದು ಅಲ್ಲಿಗೆ ಮುಗಿಯಿತು. ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ. ಅಕ್ಕ, ಕೊಯ್ದು ಉಳಿಸಬಹುದು ಅನ್ನುವವನಿಗೆ ಮಾತ್ರ ನೀರು ತಡೆಯುವುದು. ಇನ್ನು ಇವನನ್ನು ಬೆಂಗಳೂರಿಗೆ ಕಳಿಸುವುದಿಲ್ಲ. ದಾರಿಯ ಕುಲುಕಾಟ ತಡೆಯಲಾರ ಎಂದು ಡಾಕ್ಟರು ಬಾಗಿಲ ಹೊರಗೆ ಹೇಳಿದರು. ಅವರು ಹೇಳುವ ಮೊದಲೇ, ಚಮಚ ಅವನ ತುಟಿಗೆ ಮುಟ್ಟಿದಾಗಲೇ ನನಗೆ ತಿಳಿದಿತ್ತು. ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಭಾನುವಾರದ ಮಾತು ಬಿಡು, ಮುನಿಯಪ್ಪನ ಬಸ್ಸು ತಿರುಗಿ ಬರುವಾಗ ಅದರಲ್ಲೇ ಬಾ. ಎಳನೀರು ಕೊಂಡಿದ್ದೇನೆ. ಅವನು ನುಂಗುವ ಹಾಗಿರುವಾಗಲೇ ಅವ್ವನ ಕೈಗೆ ಮುಟ್ಟಿಸಬೇಕು.